ಗೆಳೆಯನಿಗೊಂದು ಪತ್ರ: ನನ್ನ ಎದುರಿಗೇ ಬಿಡ್ ಹಾಕು

ಪ್ರೀತಿಯ ಗೆಳೆಯಾ,

ಹೋದ ವಾರ ನೀನು ಕೇಳಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ ಅಂತ ನಿನಗೆ ಬೇಜಾರಾಗಿದೆ, ಗೊತ್ತು. ನೀಲಿ ಟಿಕ್ ಬಿದ್ದಿದೆ, ಆದರೆ ಮಾತಿಲ್ಲ. ಹರಾಜು ಮುಗಿಯಲಿ ಅಂತ ಕಾಯುತ್ತಿದ್ದೆ ಕಣೋ. ಈಗ ಮುಗಿದಿದೆ, ಎಷ್ಟು ಬೇಕಾದರೂ ಮಾತಾಡಬಹುದು. ನೀನು ಕೇಳಿದ್ದನ್ನೇ ನಮ್ಮ ನಾಣ್ಯದ ಬಳಗದಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಕೇಳುತ್ತಲೇ ಇರುತ್ತಾರೆ. ಅದಕ್ಕೇ ನಾಲ್ಕು ಜನ ಓದುವ ಹಾಗೆ ಇಲ್ಲೇ ಬರೆಯುತ್ತಿದ್ದೇನೆ. ನಿನ್ನ ಹೆಸರು ಹಾಕಿಲ್ಲ, ಹೆದರಬೇಡ.

ಹರಾಜಿಗೆ ಬಂದಿದ್ದ ಟಿಪ್ಪು ಸುಲ್ತಾನನ ತಾಮ್ರದ ನಾಣ್ಯವೊಂದರ ಬಗ್ಗೆ ನೀನು ಬರೆದದ್ದು ಇಷ್ಟು: ‘ಆ ಟಿಪ್ಪು ಪೈಸಾಕ್ಕೆ ನೀನು ಬಿಡ್ ಹಾಕ್ತೀಯಾ? ಫರ್ರುಖಿ ಅಂತ ಬರೆದಿದ್ದಾರೆ, ಆದ್ರೆ ಅದು ಚಿತ್ರದುರ್ಗದ್ದು. ನೀನು ಹಾಕೋದಾದ್ರೆ ನಾನು ಬಿಡ್ತೀನಿ.’

ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದೀಯ. ಆಮೇಲೆ ಏನಾಯಿತು ನೋಡು. ಫರ್ರುಖಿಯಲ್ಲಿ ಅಚ್ಚಾದ ಪೈಸಾ ನನ್ನ ಬಳಿ ಇರುವುದರಿಂದ ನಾನು ಹರಾಜಿನ ಪಟ್ಟಿಯಲ್ಲಿ ಹೆಸರು ನೋಡಿ ಮುಂದೆ ಹೋಗಿದ್ದೆ. ನಿನ್ನ ಮೆಸೇಜ್ ಓದಿ ವಾಪಸ್ ಬಂದು ಚಿತ್ರವನ್ನು ದೊಡ್ಡದು ಮಾಡಿದೆ. ಒಂದು ಬದಿಗೆ ಆನೆ, ಇನ್ನೊಂದು ಬದಿಗೆ ಫಾರ್ಸಿಯಲ್ಲಿ ಟಂಕಸಾಲೆಯ, ಅಂದರೆ ನಾಣ್ಯ ಅಚ್ಚಾದ ಊರಿನ ಹೆಸರು. ಟಿಪ್ಪು ಹಲವು ಊರುಗಳಿಗೆ ಹೊಸ ಹೆಸರಿಟ್ಟಿದ್ದನಲ್ಲ, ಆಂಧ್ರದ ಗುತ್ತಿ ಅನ್ನುವ ಊರಿಗೆ ಫೈಜ್ ಹಿಸಾರ್, ಚಿತ್ರದುರ್ಗಕ್ಕೆ ಫರ್ರುಖ್‌ಯಾಬ್ ಹಿಸಾರ್ ಅಂತ. ಕಲ್ಲಿಕೋಟೆ ಹತ್ತಿರ ಕಟ್ಟಿಸಿದ ಹೊಸ ಊರು ಫರ್ರುಖಿ. ಎರಡೂ ಶುರುವಾಗುವುದು ‘ಫರ್ರುಖ್’ನಿಂದಲೇ. ನಾಣ್ಯ ಅಚ್ಚು ಹಾಕುವಾಗ ಏಟು ಸ್ವಲ್ಪ ಓರೆಯಾಗಿ ಬಿದ್ದರೂ ಉಳಿದ ಅಕ್ಷರಗಳು ಅಂಚಿನ ಹೊರಗೆ ಹೋಗುತ್ತವೆ. ಈ ನಾಣ್ಯದಲ್ಲಿ ಆಗಿದ್ದು ಅದೇ. ಕ್ಯಾಟಲಾಗ್ ಬರೆದವರು ‘ಫರ್ರುಖ್’ ಓದಿ ಅಲ್ಲಿಗೇ ನಿಲ್ಲಿಸಿದ್ದಾರೆ. ಅಂಚಿನಲ್ಲಿ ಒಂದು ನೆಟ್ಟಗಿನ ಗೀಟು ಉಳಿದಿತ್ತು. ‘ಯಾಬ್’ನಲ್ಲಿರುವ ಅಲಿಫ್ ಅನ್ನುವ ಫಾರ್ಸಿ ಅಕ್ಷರ ಅದು. ಅದನ್ನು ಕಂಡವನು ನೀನು.

ನೀನು ಕಂಡದ್ದನ್ನು ಇಟ್ಟುಕೊಂಡು ನಿನ್ನ ಎದುರೇ ಬಿಡ್ ಹಾಕುವುದು ನನ್ನ ಕೈಲಾಗಲಿಲ್ಲ, ಬಿಟ್ಟೆ. ‘ನಾನು ಹಾಕಲ್ಲ, ನೀನು ಹಾಕು ಅಂತ ಒಂದು ಸಾಲು ಬರೆಯೋಕೆ ಏನಾಗಿತ್ತು’ ಅಂತೀಯ. ಬರೆದಿದ್ದರೆ ಇಬ್ಬರೂ ಮೊದಲೇ ಮಾತಾಡಿಕೊಂಡ ಹಾಗಾಗುತ್ತಿತ್ತು. ಉತ್ತರ ಬರದಿದ್ದರೆ ನೀನು ಹಾಕುತ್ತೀಯ ಅಂತ ನಾನು ಅಂದುಕೊಂಡೆ. ಉತ್ತರ ಬರದಿದ್ದರೆ ನಾನು ಹಾಕುತ್ತಿದ್ದೇನೆ ಅಂತ ನೀನು ಅಂದುಕೊಂಡೆ. ನಾಣ್ಯ ಯಾರೋ ಮೂರನೆಯವರಿಗೆ ಆರಂಭದ ಬೆಲೆಗೇ ಹೋಯಿತು!

ನಮ್ಮಿಬ್ಬರ ಈ ದೊಡ್ಡತನಕ್ಕೆ ದುಡ್ಡು ಕಳೆದುಕೊಂಡವರು ಯಾರು? ಮಾರಿದವರು. ಲೆಕ್ಕ ಹಾಕಿ ನೋಡು. ಆನ್‌ಲೈನ್ ಹರಾಜಿನಲ್ಲಿ ನಾವು ಗರಿಷ್ಠ ಮೊತ್ತ ಹಾಕಿಡುತ್ತೇವೆ, ಎದುರಿನವರ ಬಿಡ್‌ಗಿಂತ ಒಂದು ಮೆಟ್ಟಿಲು ಮೇಲೆ ಸಿಸ್ಟಂ ತಾನೇ ಏರಿಸುತ್ತದೆ. ನಿನ್ನದು 9,000, ನನ್ನದು 7,000, ಆ ಮೂರನೆಯವರದು 3,000 ಅಂತಿಟ್ಟುಕೋ. ಮೂವರೂ ಹಾಕಿದರೆ 7,000ದ ಮೇಲೊಂದು ಮೆಟ್ಟಿಲಿಗೆ ನಿನಗೆ ಸಿಗುತ್ತದೆ. ನಾನು ನಿನ್ನ ಮುಖ ನೋಡಿ ಬಿಟ್ಟರೆ 3,000ದ ಮೇಲೊಂದು ಮೆಟ್ಟಿಲಿಗೇ ಸಿಗುತ್ತದೆ. ನಡುವಿನ 4,000 ನಾನು ನಿನಗೆ ಕೊಟ್ಟ ಉಡುಗೊರೆಯಲ್ಲ, ಮಾರುವವರ ಜೇಬಿನಿಂದ ತೆಗೆದದ್ದು. ಎಷ್ಟೋ ಸಲ ಈ ನಾಣ್ಯಗಳು ತೀರಿಕೊಂಡ ಸಂಗ್ರಾಹಕರ ಮನೆಯಿಂದ ಬಂದಿರುತ್ತವೆ. ಆ ಮನೆಯವರಿಗೆ ಫರ್ರುಖಿಯದು ಯಾವುದು, ಶ್ರೀರಂಗಪಟ್ಟಣದ್ದು ಯಾವುದು ಅಂತ ಗೊತ್ತಿರುವುದಿಲ್ಲ. ನಾಲ್ಕು ಜನ ಜಿದ್ದಿಗೆ ಬಿದ್ದು ಬಿಡ್ ಹಾಕಿದರೆ ಮಾತ್ರ ಅವರಿಗೆ ನ್ಯಾಯವಾದ ಬೆಲೆ.

ಊರ ಜಾತ್ರೆಯಲ್ಲಿ ದೇವರ ಹಾರವನ್ನು ಸವಾಲು ಹಾಕುವುದನ್ನು ನೋಡಿದ್ದೀಯಲ್ಲ. ಗೌಡರು ಕೂಗಿದ ಮೇಲೆ ಯಾರೂ ಬಾಯಿ ಬಿಡುವುದಿಲ್ಲ. ನಮ್ಮ ವಾಟ್ಸ್ಯಾಪ್ ಗುಂಪುಗಳಲ್ಲೂ ಅದೇ ಗಾಳಿ. ಹಿರಿಯರೊಬ್ಬರು 1,500 ಅಂದರೆ ಉಳಿದವರೆಲ್ಲ ಕೈ ಮುಗಿಯುವ ಎಮೋಜಿ ಹಾಕಿ ಸುಮ್ಮನಾಗುತ್ತಾರೆ. ಹಿರಿಯರ ಮೇಲೆ ನನಗೂ ಗೌರವ ಇದೆ. ಅವರಿಂದಲೇ ಎಷ್ಟೋ ಕಲಿತಿದ್ದೇನೆ. ಆದರೆ ಆ ಗೌರವವನ್ನು ಮಾರುವವರ ದುಡ್ಡಿನಲ್ಲಿ ತೋರಿಸಬೇಕಾ?

ಇನ್ನೂ ಒಂದು ಹೆಜ್ಜೆ ಮುಂದೆ ಹೋದವರಿದ್ದಾರೆ. ‘ಈ ಲಾಟ್ ನಿಂದು, ಮುಂದಿನದು ನಂದು’ ಅಂತ ಹರಾಜಿಗಿಟ್ಟ ನಾಣ್ಯಗಳನ್ನು ಮೊದಲೇ ಹಂಚಿಕೊಳ್ಳುವವರು. ವ್ಯಾಪಾರಿಗಳು ಕಾಸು ಕೊಟ್ಟು ಒಬ್ಬರನ್ನೊಬ್ಬರು ಸುಮ್ಮನಿರಿಸುವುದನ್ನು ಇಂಗ್ಲೆಂಡಿನಲ್ಲಿ 1927ರಲ್ಲೇ ಕಾನೂನು ಮಾಡಿ ಅಪರಾಧ ಅಂದರು. ನಮ್ಮಲ್ಲಿ 1930ರ ಸರಕು ಮಾರಾಟ ಕಾಯ್ದೆಯ 64ನೇ ಸೆಕ್ಷನ್ ಇರುವುದು ಇನ್ನೊಂದು ಬದಿಯ ಆಟಕ್ಕೆ. ಮಾರುವವನು ಮೊದಲೇ ತಿಳಿಸದೆ ತಾನೇ ಬಿಡ್ ಹಾಕಿದರೆ, ಅಥವಾ ತನ್ನ ಕಡೆಯವನಿಂದ ಹಾಕಿಸಿದರೆ, ಕೊಂಡವನು ಅದನ್ನು ಮೋಸ ಅಂತ ಪರಿಗಣಿಸಬಹುದು. ಆ ಆಟ ಕಂಡರೆ ನಾವೆಲ್ಲ ಗುಂಪಿನಲ್ಲಿ ಕೂಗಾಡುತ್ತೇವೆ, ಸ್ಕ್ರೀನ್‌ಶಾಟ್ ಹಂಚುತ್ತೇವೆ. ಬೆಲೆಯನ್ನು ಮೇಲೆ ತಳ್ಳಿದರೆ ಮೋಸ, ಕೆಳಗೆ ಎಳೆದರೆ ಮರ್ಯಾದೆ. ಇದ್ಯಾವ ನ್ಯಾಯ ಮಾರಾಯ?

ಹಲವು ನಾಣ್ಯಗಳನ್ನು ಒಟ್ಟಿಗೇ ಮಾರುವ ಗುಂಪು ಲಾಟ್ ಬಂದಾಗ ಇಬ್ಬರು ಸೇರಿ ಕೊಂಡು ಹಂಚಿಕೊಳ್ಳುವುದು ಬೇರೆ. ಹತ್ತು ನಾಣ್ಯದಲ್ಲಿ ನಿನಗೆ ಮುಮ್ಮಡಿ ಕೃಷ್ಣರಾಜ ಒಡೆಯರ ಮಯಿಲಿ ಕಾಸು ಬೇಕು, ನನಗೆ ಟಿಪ್ಪುವಿನ ತಾಮ್ರ ಬೇಕು, ಇಡೀ ಲಾಟ್ ಇಬ್ಬರಿಗೂ ಭಾರ. ಅಲ್ಲಿ ನಾವು ಸೇರಿದ್ದರಿಂದ ಬಿಡ್ ಮಾಡುವವರು ಒಬ್ಬರು ಜಾಸ್ತಿಯಾದ ಹಾಗೆ. ಅದಕ್ಕೆ ನನ್ನ ತಕರಾರಿಲ್ಲ.

ಹಾಗಾದರೆ ಗೆಳೆಯರ ನಡುವೆ ತಪ್ಪು ಯಾವುದು? ನನ್ನ ಪ್ರಕಾರ ಒಂದೇ. ಸ್ನೇಹದಲ್ಲಿ ಕಿವಿಗೆ ಬಿದ್ದ ಮಾತನ್ನು ಹರಾಜಿನಲ್ಲಿ ಬಳಸುವುದು. ನೀನು ಒಂದು ಚಿತ್ರ ಕಳಿಸಿ ‘ಇದು ಸಾಚಾ ಹೌದಾ?’ ಅಂತ ಕೇಳಿದರೆ, ಆ ಲಾಟ್ ಆ ಕ್ಷಣದಿಂದ ನನಗಿಲ್ಲ. ನಿನ್ನ ಮಿತಿ ಎಷ್ಟು ಅಂತ ಟೀ ಕುಡಿಯುತ್ತಾ ಹೇಳಿಬಿಟ್ಟರೂ ಅಷ್ಟೇ. ಅದಕ್ಕೇ ಹೇಳುತ್ತಿದ್ದೇನೆ, ಹರಾಜಿಗೆ ಮುಂಚೆ ಹೇಳಬೇಡ. ಹೇಳಿದರೆ ನನ್ನ ಕೈ ಕಟ್ಟಿಹಾಕಿದ ಹಾಗೆ. ಕೆಲವರು ಇದನ್ನೇ ಉಪಾಯ ಮಾಡಿಕೊಂಡಿದ್ದಾರೆ. ಕ್ಯಾಟಲಾಗ್ ಬಂದ ದಿನವೇ ಎಲ್ಲರಿಗೂ ‘ಇದು ನನ್ನ ಸರಣಿಗೆ ಬೇಕು, ದಯವಿಟ್ಟು’ ಅಂತ ಮೆಸೇಜ್. ಅಂಥವರಿಗೆ ನಾನು ಶುಭವಾಗಲಿ ಅಂತ ಬರೆದು, ನನಗೆ ಬೇಕಿದ್ದರೆ ಹಾಯಾಗಿ ಬಿಡ್ ಹಾಕುತ್ತೇನೆ. ಅವರ ಸರಣಿ ತುಂಬಿಸುವುದು ನನ್ನ ಕೆಲಸವಲ್ಲ.

ಕೊನೆಯ ಸೆಕೆಂಡಿನಲ್ಲಿ ಬಿಡ್ ಹಾಕುವವರ ಮೇಲೆ ನಿನಗೆ ಕೋಪ, ಅಲ್ವಾ? ನನಗಿಲ್ಲ. 2002ರಲ್ಲಿ ಆಲ್ವಿನ್ ರಾತ್ ಮತ್ತು ಆಕ್ಸೆಲ್ ಓಕೆನ್‌ಫೆಲ್ಸ್ ಅನ್ನುವ ಅರ್ಥಶಾಸ್ತ್ರಜ್ಞರು ಇದರ ಬಗ್ಗೆ ಬರೆದಿದ್ದಾರೆ. ರಾತ್ ಅವರಿಗೆ ಮುಂದೆ 2012ರಲ್ಲಿ ನೊಬೆಲ್ ಬಂತು. ಇ-ಬೇ ಅನ್ನುವ ಆನ್‌ಲೈನ್ ಹರಾಜು ತಾಣದಲ್ಲಿ ಕೊಟ್ಟ ಸಮಯ ಮುಗಿದರೆ ಹರಾಜೂ ಮುಗಿಯಿತು. ಆಗ ಅಮೆಜಾನ್ ಕೂಡ ಹರಾಜು ನಡೆಸುತ್ತಿತ್ತು, ಅಲ್ಲಿ ಕೊನೆಯಲ್ಲಿ ಬಿಡ್ ಬಿದ್ದರೆ ಸಮಯ ಮುಂದಕ್ಕೆ ಹೋಗುತ್ತಿತ್ತು. ಕೊನೆಗಳಿಗೆಯ ಬಿಡ್ ಜಾಸ್ತಿ ಇದ್ದದ್ದು ಇ-ಬೇಯಲ್ಲಿ. ಅದರಲ್ಲೂ ಕಂಪ್ಯೂಟರ್‌ಗಳಿಗಿಂತ ಹಳೆಯ ವಸ್ತುಗಳಲ್ಲಿ ಜಾಸ್ತಿ. ಕಾರಣ ನಿನ್ನ ಅಲಿಫ್‌ನಲ್ಲೇ ಇದೆ. ಬಲ್ಲವನು ಮೊದಲೇ ಬಿಡ್ ಹಾಕಿದರೆ, ‘ಇದರಲ್ಲೇನೋ ಇದೆ’ ಅಂತ ಊರಿಗೆಲ್ಲ ಸಾರಿದ ಹಾಗೆ. ವರ್ಷಗಟ್ಟಲೆ ಓದಿ ಕಣ್ಣು ಪಳಗಿಸಿದವನು ಅದನ್ನು ಕೊನೆಯವರೆಗೆ ಬಚ್ಚಿಟ್ಟರೆ ಯಾರಿಗೇನು ಅನ್ಯಾಯ? ಬೇರೆಯವರೂ ತಮ್ಮ ಪೂರ್ತಿ ಮಿತಿಯನ್ನು ಮೊದಲೇ ಹಾಕಿಡಬಹುದಲ್ಲ.

ವಾಟ್ಸ್ಯಾಪ್ ಗುಂಪಿನದು ಮಾತ್ರ ತಲೆನೋವು. ರಾತ್ರಿ ಹತ್ತಕ್ಕೆ ಮುಕ್ತಾಯ ಅಂತಾರೆ, ಒಬ್ಬನ ನೆಟ್ ನಿಧಾನ, ಇನ್ನೊಬ್ಬನ ಫೋನಿನ ಗಡಿಯಾರ ಮುಂದೆ. ಆಮೇಲೆ ಅರ್ಧ ಗಂಟೆ ಜಗಳ. ಅಡ್ಮಿನ್ ಹೇಳಿದ್ದೇ ಕೊನೆ ಅಂತ ಒಪ್ಪಿಕೊಂಡು ಮಲಗುವುದು ಲೇಸು. ಇನ್ನೊಬ್ಬರ ಹರಾಜು ನಡೆಯುವಾಗ ‘ಇದು ಬೇರೆ ಕಡೆ ಅಗ್ಗಕ್ಕೆ ಸಿಗುತ್ತೆ’ ಅಂತ ಕೆಳಗೆ ಬರೆಯುವವರನ್ನು, ಗೆದ್ದು ದುಡ್ಡು ಕಟ್ಟದೆ ಮಾಯವಾಗುವವರನ್ನು ನೀನೂ ಬಲ್ಲೆ, ಬಿಡು.

ನಾನು ಹೇಳಿದ್ದಕ್ಕೆಲ್ಲ ಒಂದು ವಿನಾಯಿತಿ ಇದೆ. ನಕಲಿ ನಾಣ್ಯ. ನಾನು ಬಿಡ್ ಹಾಕುತ್ತಿರುವುದು ನಕಲಿಗೆ ಅಂತ ಗೊತ್ತಾದರೆ ಮಧ್ಯರಾತ್ರಿಯಾದರೂ ಫೋನ್ ಮಾಡು. ಜೊತೆಗೆ ಹರಾಜು ನಡೆಸುವವರಿಗೆ ಖಾಸಗಿಯಾಗಿ ಬರೆ. ಒಳ್ಳೆಯವರು ಲಾಟ್ ಹಿಂದೆಗೆದುಕೊಳ್ಳುತ್ತಾರೆ. ಅವರು ಕಿವಿಗೆ ಹಾಕಿಕೊಳ್ಳದಿದ್ದರೆ ಆಮೇಲೆ ಗುಂಪಿನಲ್ಲಿ ಹೇಳು. ಮೊದಲೇ ಎಲ್ಲರ ಮುಂದೆ ಕೂಗಿ, ಕೊನೆಗೆ ನಿನ್ನ ಅನುಮಾನವೇ ಸುಳ್ಳಾದರೆ ಮಾರುವವರಿಗೆ ಆದ ನಷ್ಟವನ್ನು ತುಂಬಿಕೊಡುವವರು ಯಾರು?

ನಕಲಿ ಅಂದಾಗ ನೆನಪಾಯಿತು. ನನ್ನ ಬಳಿ ಇರುವ, ನಗರದಲ್ಲಿ (ಬಿದನೂರಿನಲ್ಲಿ) ಅಚ್ಚಾದ ಟಿಪ್ಪು ಪೈಸಾ ತೂಗಿದರೆ 10 ಗ್ರಾಂ ಕೂಡ ಬರುತ್ತಿಲ್ಲ. ಸಾಮಾನ್ಯವಾಗಿ 11ರ ಆಸುಪಾಸು ಇರಬೇಕು, ಇದರಲ್ಲಿ ಅಷ್ಟು ಸವೆತವೂ ಕಾಣುತ್ತಿಲ್ಲ. ನಿನ್ನದನ್ನೂ ತೂಗಿ ಹೇಳು. ಎರಡೂ ಬದಿಯ ಜೊತೆಗೆ ಅಂಚಿನದೂ ಒಂದು ಫೋಟೋ ಕಳಿಸು, ಹಗಲು ಬೆಳಕಿನಲ್ಲಿ ತೆಗಿ. ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ,
ಗೆಳೆಯ