ಲಾಟೀನಿನ ಹಿಂದೆ

ಮಂಡ್ಯ
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಮಾತ್ರೆ ಡಬ್ಬಿ ಜೊತೆ ನಿನ್ನ ತಮ್ಮನ ಕೈಯಲ್ಲಿ ಕಳಿಸಿದ ಕಾಗದ ಬಂತು. ಮನೆ ಸಮಾಚಾರವನ್ನೆಲ್ಲ ನಿಮ್ಮಮ್ಮ ದಿನಾ ಫೋನಲ್ಲಿ ಒಪ್ಪಿಸುತ್ತಾಳೆ, ಅದನ್ನೇ ಮತ್ತೆ ಬರೆಯುವುದಿಲ್ಲ. ಕಾಗದದ ಕೊನೆಗೆ ಜಾಗ ಸಾಲದೆ ಅಂಚಿನಲ್ಲಿ ಅಡ್ಡಡ್ಡ ಒಂದು ಸಾಲು ಬರೆದಿದ್ದೀಯಲ್ಲ, ಅದಕ್ಕೆ ಉತ್ತರ ಬರೆಯೋಣ ಅಂತ ಕೂತೆ. "ಇವಳೂ ನನ್ನ ಹಾಗೇ ಪುಕ್ಕಲಿ ಆಗಿಬಿಟ್ಟರೆ ಏನು ಮಾಡಲಿ ದೊಡ್ಡಮ್ಮ?"

ಎರಡು ಸಲ ಫೋನ್ ಮಾಡಿದೆ. ನೀನು ಹಲೋ ಅಂದ ಕೂಡಲೇ ಮಾತ್ರೆ ಬಂತು, ಮಗುವಿನ ಕೆಮ್ಮು ಹೋಯ್ತಾ ಅಂತ ಏನೇನೋ ಕೇಳಿ ಇಟ್ಟುಬಿಟ್ಟೆ. ಬಾಯಲ್ಲಿ ಬರದ್ದು ಕೈಯಲ್ಲಾದರೂ ಬರುತ್ತದಾ ನೋಡೋಣ.

ಸಂಜೆ ಪಾರ್ಕಿನಲ್ಲಿ ಮಗು ತನ್ನ ನೆರಳು ಕಂಡು ಓಡುತ್ತಾಳೆ, ತಿರುಗಿ ನೋಡಿ "ಬರ್ತಿದೆ, ಬರ್ತಿದೆ" ಅಂತ ನಿನ್ನ ಕಾಲಿಗೆ ಜೋತು ಬೀಳುತ್ತಾಳೆ, ರಾತ್ರಿ ಬಾಗಿಲ ಹಿಂದೆ ನೇತು ಹಾಕಿದ ಚೂಡಿದಾರದ ನೆರಳಿಗೆ ಕಿರುಚುತ್ತಾಳೆ. ಇಷ್ಟು ನೀನು ಬರೆದದ್ದು. ಅವಳಿಗಿನ್ನೂ ಮೂರು ತುಂಬಿಲ್ಲ. ಪಕ್ಕದ ಮನೆಯವರು ದೃಷ್ಟಿ ತೆಗಿ ಅಂದರಂತೆ. ತೆಗಿ ಬಿಡು, ಉಪ್ಪು ಮೆಣಸಿನಕಾಯಿಗೆ ಎಷ್ಟಾಗುತ್ತದೆ. ನನಗೆ ಅದಲ್ಲ ಯೋಚನೆ. ಹೆದರಿಕೆ ಅನ್ನುವುದು ಮೂಗು, ಕೂದಲು ಬಂದ ಹಾಗೆ ನಿನ್ನಿಂದ ಅವಳಿಗೆ ಬಂದಿದೆ ಅಂತ ನೀನು ನಂಬಿಕೊಂಡು ಕೂತಿದ್ದೀಯ ನೋಡು, ಅದು.

ನಿನ್ನ ಪುಕ್ಕಲುತನ ನೀನು ಹುಟ್ಟುವಾಗ ತಂದದ್ದಲ್ಲ ಪುಟ್ಟಿ. ಕೊಟ್ಟವಳು ನಾನು.

ನಿನಗೆ ನೆನಪಿರಲಾರದು. 1994. ನಿನ್ನ ತಮ್ಮ ಹುಟ್ಟಿದ ಮೇಲೆ ನಿಮ್ಮಮ್ಮನಿಗೆ ಮೈ ಸರಿ ಇರಲಿಲ್ಲ. ನಿನ್ನನ್ನು ಐದು ತಿಂಗಳು ನನ್ನ ಹತ್ತಿರ ಬಿಟ್ಟಿದ್ದರು. ನಿನಗೂ ಆಗ ಮೂರು ತುಂಬಿರಲಿಲ್ಲ. ನಾನು ಸ್ಕೂಲಿನಿಂದ ಬಂದು ಸಾರು ಕುದಿಸುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತಿತ್ತು. ಲಾಟೀನು ಹಚ್ಚಿ ನೆಲದ ಮೇಲಿಟ್ಟು, ಮುದ್ದೆ ಮುರಿದು ಸೊಪ್ಪಿನ ಸಾರಲ್ಲಿ ಅದ್ದಿ ಬಾಯಿಗಿಟ್ಟರೆ ನೀನು ಕೆನ್ನೆಯಲ್ಲೇ ಇಟ್ಟುಕೊಂಡು ಕೂರುತ್ತಿದ್ದೆ. ಮುದ್ದೆಯನ್ನು ಕೆನ್ನೆಯಲ್ಲಿಟ್ಟುಕೊಳ್ಳುವ ಮಗು ಇಡೀ ಮಂಡ್ಯ ಜಿಲ್ಲೆಗೆ ನೀನೊಬ್ಬಳೇ ಇದ್ದೆ ಅಂತ ಕಾಣುತ್ತದೆ. ಮುಕ್ಕಾಲು ಗಂಟೆ ಆದರೂ ತಟ್ಟೆ ಹಾಗೇ ಇರುತ್ತಿತ್ತು. ಒಂದು ದಿನ ಸಾಕಾಗಿ ಎಡಗೈಯನ್ನು ಲಾಟೀನಿನ ಗಾಜಿನ ಹತ್ತಿರ ಹಿಡಿದು ಬೆರಳು ಬಾಗಿಸಿದೆ. ಎದುರು ಗೋಡೆಯಲ್ಲಿ ಸೂರಿನ ತನಕ ಐದು ಬೆರಳು ಎದ್ದು ನಿಂತವು. "ಗುಮ್ಮ ಬಂತು, ನುಂಗು" ಅಂದೆ. ನೀನು ಗೋಡೆಯಿಂದ ಕಣ್ಣು ತೆಗೆಯಲಿಲ್ಲ. ನುಂಗಿದ್ದೇ ನುಂಗಿದ್ದು. ಹತ್ತು ನಿಮಿಷದಲ್ಲಿ ತಟ್ಟೆ ಖಾಲಿ.

ಮಾರನೇ ದಿನ ಸ್ಟಾಫ್ ರೂಮಿನಲ್ಲಿ ಇದನ್ನು ಜಾಣತನ ಅಂತ ಹೇಳಿಕೊಂಡೆ. ಆಮೇಲೆ ದಿನಾ ಗುಮ್ಮ.

ನೀನು ಎಸ್ಸೆಸ್ಸೆಲ್ಸಿ ಓದುವಾಗಲೂ ಹಿತ್ತಲ ಬಚ್ಚಲಿಗೆ ಹೋಗಬೇಕಾದರೆ ನಿಮ್ಮಮ್ಮ ಬಾಗಿಲಲ್ಲಿ ನಿಲ್ಲಬೇಕಿತ್ತು. ಹಬ್ಬಕ್ಕೆ ಸೇರಿದಾಗ ಎಲ್ಲರೂ ಅದನ್ನೇ ಹೇಳಿ ನಗಾಡುತ್ತಿದ್ದರು. ನಾನೂ ನಗುತ್ತಿದ್ದೆ. ನಿಮ್ಮಮ್ಮನಿಗೆ ಗೊತ್ತಿತ್ತು ಅಂತ ಕಾಣುತ್ತದೆ. ಒಂದು ದಿನವೂ ನನಗೆ ಏನೂ ಅನ್ನಲಿಲ್ಲ.

ಇದರಲ್ಲಿ ಹೊಟ್ಟೆ ಉರಿಯುವ ಸಂಗತಿ ಇನ್ನೊಂದಿದೆ. ನನಗೆ ತಿಳಿಯದೆ ಮಾಡಿದ್ದಲ್ಲ ಅದು. ನೆರಳಿಗೆ ಹೆದರಿದ ಮಗುವಿಗೆ ಏನು ಮಾಡಬೇಕು ಅನ್ನುವುದು ನನಗೆ ಏಳು ವರ್ಷಕ್ಕೇ ಗೊತ್ತಿತ್ತು. ನಾಗಮಂಗಲದ ಕಡೆ ನಮ್ಮೂರಿಗೆ ಮಳೆ ಹೋದ ವರ್ಷ ತೊಗಲುಗೊಂಬೆಯವರನ್ನು ಕರೆಸುತ್ತಿದ್ದರು, ಆಡಿಸಿದರೆ ಮಳೆ ಬರುತ್ತದೆ ಅಂತ ನಂಬಿಕೆ. ಮಾರಿಗುಡಿ ಮುಂದೆ ಬಿಳಿ ಪಂಚೆ ಬಿಗಿದು ಹಿಂದೆ ಎಣ್ಣೆ ದೀಪ ಇಟ್ಟರೆ ಬೆಳಗಿನ ಜಾವದ ತನಕ ರಾಮಾಯಣ. ಮಧ್ಯೆ ಮಧ್ಯೆ ಕಿಳ್ಳೇಕ್ಯಾತ, ಅವನ ಹೆಂಡತಿ ಬಂಗಾರಕ್ಕ ಬಂದು ಜಗಳ ಆಡಿ ನಗಿಸಿ ಹೋಗುತ್ತಿದ್ದರು. ಅವರ ನೆರಳು ಕಪ್ಪಲ್ಲ, ಗೊತ್ತಾ? ಆಡಿನ ಚರ್ಮವನ್ನು ಹದ ಮಾಡಿ ಬೆಳಕು ಹಾಯುವಷ್ಟು ತೆಳ್ಳಗೆ ಹೆರೆದು ಬಣ್ಣ ಬಳಿದಿರುತ್ತಾರೆ. ಪಂಚೆಯ ಮೇಲೆ ಕೆಂಪು, ಹಸಿರು ಎಲ್ಲ ಉರಿಯುತ್ತದೆ.

ರಾವಣ ಬಂದಾಗ ನಾನು ಚೀರಿ ಅಪ್ಪನ ಹೆಗಲಿಗೆ ಮುಖ ಒತ್ತಿದೆ. ನಿಮ್ಮ ತಾತ ನನ್ನನ್ನು ಬಯ್ಯಲಿಲ್ಲ, ಮನೆಗೂ ಕರೆದುಕೊಂಡು ಹೋಗಲಿಲ್ಲ. ಎತ್ತಿಕೊಂಡು ಸುಮ್ನೆ ಪಂಚೆಯ ಹಿಂದಕ್ಕೆ ಹೋದರು. ಅಲ್ಲಿ ಒಬ್ಬ ಅಜ್ಜಿ ಎಲೆಅಡಿಕೆ ಜಗಿಯುತ್ತಾ ಪದ ಹಾಡುತ್ತಿದ್ದಳು. ಆಟ ನಿಂತಾಗ ರಾವಣನನ್ನು ನನ್ನ ಕೈಗೆ ಕೊಟ್ಟಳು. ಹತ್ತು ತಲೆ ಸೇರಿ ಒಂದು ಹಪ್ಪಳದಷ್ಟು ಹಗುರ. ಎಣ್ಣೆ ಹೊಗೆಯ ವಾಸನೆ. ಒಂದು ಕಿವಿ ಹರಿದು ದಾರ ಹಾಕಿ ಹೊಲಿದಿದ್ದರು. ಆಮೇಲೆ ಮುಂದೆ ಬಂದು ಕೂತು ಅದೇ ರಾವಣನನ್ನು ನೋಡಿದೆ. ಈ ಸಲ ನನ್ನ ಕಣ್ಣೆಲ್ಲ ಆ ಹರಿದ ಕಿವಿ ಎಲ್ಲಿ ಅಂತ ಹುಡುಕುವುದರಲ್ಲೇ.

2025ರಲ್ಲಿ ಕೊಪ್ಪಳ ಜಿಲ್ಲೆಯ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆಯಾಟಕ್ಕೆ ಪದ್ಮಶ್ರೀ ಬಂತಲ್ಲ, ಟೀವಿಯಲ್ಲಿ ಆ ಮುಖ ನೋಡಿದಾಗ ಪಂಚೆಯ ಹಿಂದಿನ ಆ ಅಜ್ಜಿ ನೆನಪಾಗಿ ಕಣ್ಣೀರು ಬಂತು. ಕೂಡಲೇ ನೀನೂ ನೆನಪಾದೆ. ನನಗೆ ಪಂಚೆಯ ಹಿಂದೆ ತೋರಿಸಿದರು. ನಾನು ನಿನಗೆ ಲಾಟೀನಿನ ಹಿಂದೆ ತೋರಿಸಲಿಲ್ಲ. ಕೈಯನ್ನು ಬಚ್ಚಿಟ್ಟುಕೊಂಡು ಗೋಡೆ ಮಾತ್ರ ತೋರಿಸಿದೆ.

ಟಿ.ಸಿ.ಎಚ್. ಅಂತ ಟೀಚರ್ ತರಬೇತಿ ಮಾಡುವಾಗ ಪಿಯಾಜೆ ಅನ್ನುವ ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞರ ಬಗ್ಗೆ ಪುಟಗಟ್ಟಲೆ ಉರು ಹೊಡೆದಿದ್ದೆ. ಅವರು ನೆರಳು ಎಲ್ಲಿಂದ ಬರುತ್ತದೆ ಅಂತ ಮಕ್ಕಳನ್ನೇ ಕೂರಿಸಿಕೊಂಡು ಕೇಳಿದವರು. ಐದು ವರ್ಷದ ಮಕ್ಕಳಿಗೂ ನೆರಳು ಅಂದರೆ ಒಂದು ವಸ್ತು. ಅದು ರಾತ್ರಿಯಿಂದ ಬರುತ್ತದೆ, ಮರದ ಕೆಳಗಿನಿಂದ ಬರುತ್ತದೆ ಅಂತ ಹೇಳುತ್ತವೆ. ಬೆಳಕಿಗೆ ಅಡ್ಡ ನಿಂತರೆ ನೆರಳು ಅನ್ನುವುದು ಸರಿಯಾಗಿ ಹೊಳೆಯುವುದು ಎಂಟು ಒಂಬತ್ತಕ್ಕೆ. ಹಾಗಿದ್ದ ಮೇಲೆ ಮೂರು ತುಂಬದ ಮಗು "ಬರ್ತಿದೆ" ಅಂದರೆ ಪುಕ್ಕಲುತನ ಹೇಗಾಗುತ್ತದೆ? ಒಂದು ವಸ್ತು ಬಿಡದೆ ಹಿಂದೆ ಬರುತ್ತಿದೆ ಅಂತ ಕಂಡರೆ ನಾವೂ ಓಡುತ್ತೇವೆ. ಮೊದಲು ಅದು ಇವಳ ಕಣ್ಣಿಗೇ ಬೀಳುತ್ತಿರಲಿಲ್ಲ, ಈಗ ಬೀಳುತ್ತಿದೆ. ನಿನ್ನ ಹಾಗೇ ಆಗುತ್ತಿದ್ದಾಳೆ ಅಂತ ಇದಕ್ಕೆ ಹೆಸರಿಡಬೇಡ. ಅವಳ ಎದುರಿಗಂತೂ ಆ ಮಾತು ಆಡಲೇಬೇಡ.

ಏನು ಮಾಡಲಿ ಅಂತ ಕೇಳಿದ್ದೀಯ. ನಾನು ಹೇಳಿಕೊಡಲು ಯಾವ ಮುಖ ಇಟ್ಟುಕೊಳ್ಳಲಿ? ಆದರೂ ಹೊಳೆದದ್ದು ಬರೆಯುತ್ತೇನೆ. ಸರಿ ಅನ್ನಿಸದಿದ್ದರೆ ಬಿಟ್ಟುಬಿಡು.

ಟಾರ್ಚನ್ನು ಅವಳ ಕೈಗೇ ಕೊಡು. ನೀನು ನೆರಳು ಮಾಡಿ ಅವಳಿಗೆ ತೋರಿಸಬೇಡ, ಮೊಲ ಜಿಂಕೆ ಕೂಡ ಮೊದಮೊದಲು ಬೇಡ. ಒಂದು ಲೋಟ ಇಟ್ಟು ಬೆಳಕು ಬಿಡಲಿ. ಟಾರ್ಚು ಹತ್ತಿರ ತಂದರೆ ಗೋಡೆಯ ಮೇಲಿನ ಲೋಟ ಹಂಡೆಯಾಗುತ್ತದೆ, ದೂರ ಒಯ್ದರೆ ಮತ್ತೆ ಲೋಟ. ದೊಡ್ಡದು ಮಾಡುವವಳೂ ಅವಳೇ, ಚಿಕ್ಕದು ಮಾಡುವವಳೂ ಅವಳೇ. ಕಣ್ಣಿಗೆ ಮಾತ್ರ ಬಿಟ್ಟುಕೊಳ್ಳದ ಹಾಗೆ ನೋಡಿಕೋ. ಟ್ಯೂಬ್‌ಲೈಟ್ ಕೆಳಗೆ ಆಡಿಸಿದರೆ ಏನೂ ಕಾಣುವುದಿಲ್ಲ. ಅದು ಉದ್ದ ಇರುವುದರಿಂದ ಬೆಳಕು ಆ ಕಡೆ ಈ ಕಡೆಯಿಂದ ಬಂದು ನೆರಳಿನ ಅಂಚು ಕಲಸಿಹೋಗುತ್ತದೆ. ಮೊಬೈಲಿನ ಟಾರ್ಚು ಒಂದು ಚುಕ್ಕಿ ಅಷ್ಟೇ. ಅದರ ಮುಂದೆ ಜರಡಿ ಹಿಡಿದರೆ ಒಂದೊಂದು ತೂತೂ ಗೋಡೆಗೆ ಬರುತ್ತದೆ. ಸೌಟು, ತುರಿಮಣೆ, ಚಕ್ಕುಲಿ ಒರಳು, ಅಡುಗೆಮನೆಯಲ್ಲಿ ಇರುವುದೇ ಸಾಕು.

ಚೂಡಿದಾರದ ನೆರಳಿಗೆ ಕಿರುಚಿದಾಗ "ಏನೂ ಇಲ್ಲ, ಮಲಗು" ಅನ್ನಬೇಡ. ಅವಳಿಗೆ ಕಾಣಿಸುತ್ತಿದೆಯಲ್ಲ, ಇಲ್ಲ ಅಂದರೆ ಹೇಗೆ? ಎತ್ತಿಕೊಂಡು ಬಾಗಿಲ ಹತ್ತಿರ ಹೋಗು. ಚೂಡಿದಾರವನ್ನು ಅವಳೇ ಎಳೆದು ಬೀಳಿಸಲಿ, ಮತ್ತೆ ನೇತು ಹಾಕಿಸು. ಒಂದು ವಾರ ನಿನ್ನ ನಿದ್ದೆ ಕೆಡುತ್ತದೆ, ಅದು ನಿಜ.

ಪುಸ್ತಕ ಯಾವುದು ತರಲಿ ಅಂತಲೂ ಬರೆದಿದ್ದೀಯ. ಈಗಿನ ಹೆಸರುಗಳು ನನಗೆ ಬಾರವು. ಅಂಗಡಿಯಲ್ಲಿ ಚಿತ್ರ ಬಿಡಿಸಿ ನೋಡು. ನೆರಳಿನ ಕಾಲು, ಆ ನೆರಳು ಯಾರದೋ ಅವರ ಕಾಲಿಗೆ ಅಂಟಿಕೊಂಡಿದೆಯಾ? ಸೂರ್ಯ ಈ ಕಡೆ ಇದ್ದರೆ ನೆರಳು ಆ ಕಡೆ ಬಿದ್ದಿದೆಯಾ? ಬರೆಯುವವರು ಇದನ್ನು ಗಮನಿಸುವುದೇ ಇಲ್ಲ, ಎಲ್ಲೋ ಒಂದು ಕಪ್ಪು ಬಳಿದು ಬಿಟ್ಟಿರುತ್ತಾರೆ. ನೆರಳು ಬಿಡಿಸಿಕೊಂಡು ಓಡಿಹೋಗುವ ಕಥೆಗಳು ಚೆಂದವೇ, ಆದರೆ ಸದ್ಯಕ್ಕೆ ಬೇಡ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನುವ ವೆಬ್‌ಸೈಟಿನಲ್ಲಿ ಕನ್ನಡದ ಚಿತ್ರಪುಸ್ತಕಗಳು ಪುಕ್ಕಟೆ ಸಿಗುತ್ತವೆ, ನೀನು ಓದಿ ಆರಿಸಿಕೋ. ಅವಳಿಗೆ ಮಾತ್ರ ಕಾಗದದ ಪುಸ್ತಕವೇ ಇರಲಿ. ಫೋನು ತಾನೇ ಬೆಳಕು ಉಗುಳುತ್ತದೆ. ಪುಸ್ತಕವಾದರೆ ದೀಪದ ಮುಂದೆ ಹಿಡಿದಾಗ ಅದಕ್ಕೂ ಒಂದು ನೆರಳು ಬೀಳುತ್ತದೆ.

ನೀನೇ ಒಂದು ಮಾಡಬಹುದು, ನಾನು ಒಂದನೇ ಕ್ಲಾಸಿಗೆ ಮಾಡುತ್ತಿದ್ದೆ. ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿಯನ್ನು ಬೆಳಗಿನ ಬಿಸಿಲಿಗೆ ಹರಡಿ ಬಾಚಣಿಗೆ, ಕೀಲಿಕೈ, ಅವಳ ಚಪ್ಪಲಿ ನೆಟ್ಟಗೆ ಹಿಡಿದು ನೆರಳಿನ ಸುತ್ತ ಗೆರೆ ಎಳಿ. ಒಳಗೆ ಕಪ್ಪು ತುಂಬುವ ಕೆಲಸ ಅವಳದು. ಮೊದಲ ಪುಟದಲ್ಲಿ ನೆರಳು, ತಿರುವಿದರೆ ವಸ್ತುವಿನ ಚಿತ್ರ. ಡಬ್ಬಣದಲ್ಲಿ ಹೊಲಿದರೆ ಆಯಿತು. ನನ್ನ ಕ್ಲಾಸಿನ ಮಕ್ಕಳು ಚಪ್ಪಲಿ ಪುಟ ಬಂದರೆ ಸಾಕು, "ಮಿಸ್ಸಿಂದು" ಅಂತ ಕೂಗುತ್ತಿದ್ದವು. ಮೂವತ್ತೈದು ಪರರ ಮಕ್ಕಳಿಗೆ ಹಗಲೆಲ್ಲ ಇದನ್ನು ಮಾಡಿಸಿ, ಸಂಜೆ ಮನೆಗೆ ಬಂದು ನಿನಗೆ ಗುಮ್ಮ ತೋರಿಸುತ್ತಿದ್ದೆನಲ್ಲ ಪುಟ್ಟಿ. ಯಾಕೆ ಹಾಗೆ ಮಾಡಿದೆ? ಸುಸ್ತಾಗಿತ್ತು ಅನ್ನಬಹುದು. ಅದೂ ಪೂರ್ತಿ ನಿಜವಲ್ಲ. ಮಾತು ಕೇಳಿಸುವುದಕ್ಕೆ ಅಷ್ಟು ಸುಲಭದ ದಾರಿ ಇನ್ನೊಂದಿರಲಿಲ್ಲ.

ಇನ್ನೊಂದು ನೆನಪಾಯಿತು. ಮೈಸೂರಲ್ಲಿ ಏಪ್ರಿಲ್ 22ರ ಆಸುಪಾಸು, ಮತ್ತೆ ಆಗಸ್ಟ್ 20ರ ಆಸುಪಾಸು, ಸೂರ್ಯ ನೆತ್ತಿಯ ಮೇಲೆ ನೇರ ಬರುತ್ತಾನೆ. ಹನ್ನೆರಡೂ ಕಾಲು ದಾಟಿ ಹನ್ನೆರಡೂವರೆಯೊಳಗೆ ನೆಟ್ಟಗೆ ನಿಲ್ಲಿಸಿದ ವಸ್ತುವಿಗೆ ಪಕ್ಕದಲ್ಲಿ ನೆರಳೇ ಇರುವುದಿಲ್ಲ. ತಾರಸಿಯ ಮೇಲೆ ಒಂದು ಸ್ಟೀಲ್ ಡಬ್ಬ ಇಟ್ಟು ತೋರಿಸು. ಕಾಲು ಸುಡುತ್ತದೆ, ಚಪ್ಪಲಿ ಹಾಕಿಸು. ಆದರೆ "ನೋಡು, ಹೋಯ್ತು" ಅಂತ ಖುಷಿಪಡಿಸಬೇಡ. ಸಂಜೆ ಅದೇ ಡಬ್ಬದ ಹತ್ತಿರ ಕರೆದುಕೊಂಡು ಹೋಗು, ಉದ್ದಕ್ಕೆ ವಾಪಸ್ ಬಂದಿರುತ್ತದೆ. ಓಡಿಸಿಬಿಟ್ಟರೆ ಆಯಿತು ಅಂತ ಅವಳಿಗೆ ಅನ್ನಿಸಬಾರದು ನೋಡು, ಅದು ದಿನಾ ಬರುವುದೇ.

ರಾಮನಗರದ ಜಾನಪದ ಲೋಕದಲ್ಲಿ ತೊಗಲುಗೊಂಬೆಗಳನ್ನು ಇಟ್ಟಿದ್ದಾರೆ, ನಮ್ಮ ನಾಗಮಂಗಲ ತಾಲ್ಲೂಕಿನವರೇ ಆದ ನಾಗೇಗೌಡರು ಕಟ್ಟಿದ್ದು. ಬೆಂಗಳೂರಿಗೆ ಹೋಗುವಾಗ ಹಳೇ ಹೆದ್ದಾರಿಯಲ್ಲಿ ಸಿಗುತ್ತದೆ. ಅವಳು ಇನ್ನಷ್ಟು ದೊಡ್ಡವಳಾದ ಮೇಲೆ ಹೋಗೋಣ.

ನೀನು ಆ ಸಾಲನ್ನು ಅಂಚಿನಲ್ಲಿ ಬರೆದಿದ್ದೀಯ, ಬರೆಯಲೋ ಬೇಡವೋ ಅಂತ ಯೋಚನೆ ಮಾಡಿ ಬರೆದ ಹಾಗೆ. ಮೂವತ್ತು ವರ್ಷ ಅದನ್ನು ನಿನ್ನ ತಪ್ಪು ಅಂತಲೇ ಹೊತ್ತುಕೊಂಡಿದ್ದೀಯಲ್ಲ. ನಾನು ಬಾಯಿ ಬಿಟ್ಟಿದ್ದರೆ ಯಾವತ್ತೋ ಇಳಿಯುತ್ತಿತ್ತೇನೋ. ಕೋಪ ಬಂದರೆ ಬರಲಿ, ಫೋನಲ್ಲಿ ಬಯ್ಯಿ. ನಿಮ್ಮಮ್ಮನ ಹಾಗೆ ಸುಮ್ಮನಿರಬೇಡ, ಅದು ನನಗೆ ಕಷ್ಟ.

ಮುಂದಿನ ಶನಿವಾರ ಮಗುವನ್ನು ಕರೆದುಕೊಂಡು ಬಾ, ರಾತ್ರಿ ಉಳಿದುಕೋ. ಅದೇ ಲಾಟೀನು ಅಟ್ಟದ ಮೇಲಿದೆ. ಗಾಜು ಒಡೆದಿದೆ, ಪೇಟೆ ಬೀದಿಯಲ್ಲಿ ಹೊಸದು ಸಿಗುತ್ತದಾ ನಾಳೆ ಹೋಗಿ ಕೇಳುತ್ತೇನೆ. ಅವಳು ಕೈ ಹಿಡಿದು ಗುಮ್ಮ ಮಾಡಲಿ. ನಾನು ಗೋಡೆ ಕಡೆ ಮುಖ ಮಾಡಿ ಮುದ್ದೆ ನುಂಗುತ್ತೇನೆ. ನೀನು ಲಾಟೀನಿನ ಹಿಂದೆ ಅವಳ ಪಕ್ಕ ಕೂತುಕೋ.

ಇಂತಿ,
ನಿನ್ನ ದೊಡ್ಡಮ್ಮ