ನನಗೆ ಬೇಕಾಗಿದ್ದು ಒಂದು ಲೋಡ್ ಅಲ್ಲ, ಒಂದು ನಂದಿ

ಮಾನ್ಯ ಸಂಪಾದಕರೇ,

ಗಣೇಶನ ಹಬ್ಬ ಹತ್ತಿರ ಬಂದಾಗಲೆಲ್ಲ ಥರ್ಮಾಕೋಲ್ ಬಳಸಬೇಡಿ ಅನ್ನುವ ಮಾತು ಶುರುವಾಗುತ್ತದೆ. ಅದಕ್ಕೆ ನನ್ನ ತಕರಾರಿಲ್ಲ. ನಾನು ದಾವಣಗೆರೆಯಲ್ಲಿ ಹವ್ಯಾಸಿ ತಂಡಗಳಿಗೆ, ಶಾಲೆ ಮಕ್ಕಳ ನಾಟಕಗಳಿಗೆ ರಂಗಪರಿಕರ ಮಾಡಿಕೊಡುವವನು. ಆನೆ ತಲೆ, ಹುತ್ತ, ಕಲ್ಲಿನ ಹಾಗೆ ಕಾಣುವ ಕಂಬ, ಇಂಥವು. ಇವನ್ನು ಕೆತ್ತುವುದಕ್ಕೆ ಥರ್ಮಾಕೋಲಿನಂಥ ದಪ್ಪ ಫೋಮ್ ಬೇಕು. ಅದನ್ನು ನಮ್ಮಂಥವರು ಎಲ್ಲಿ ಕೊಳ್ಳಬೇಕು ಅಂತ ಮಾತ್ರ ಯಾರೂ ಹೇಳುವುದಿಲ್ಲ.

ಹೋದ ವರ್ಷ ಮಕ್ಕಳ ನಾಟಕಕ್ಕೆ ಒಂದು ನಂದಿ ಬೇಕಾಗಿತ್ತು. ಇಬ್ಬರು ಮಕ್ಕಳು ಎತ್ತಿಕೊಂಡು ರಂಗದ ತುಂಬ ಓಡಬೇಕು, ಹಾಗಾಗಿ ಮರ, ಮಣ್ಣು ಎರಡೂ ಆಗದ ಮಾತು. ಒಂದಡಿ ದಪ್ಪದ ಥರ್ಮಾಕೋಲ್ ಕೇಳಿದರೆ ಸ್ಟೇಷನರಿ ಅಂಗಡಿಯವರು ನಕ್ಕರು. ಎರಡಿಂಚಿನ ಮೇಲೆ ಬರೋದೇ ಇಲ್ಲ ಅಂದರು. ಬರುತ್ತದೆ! ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಕಾಳುಗಳನ್ನು ಹಬೆಯಲ್ಲಿ ಉಬ್ಬಿಸಿ, ಅಚ್ಚಿಗೆ ತುಂಬಿ, ಮೊದಲು ಬೀರುವಿನಷ್ಟು ದೊಡ್ಡ ದಿಮ್ಮಿ ಮಾಡಿಕೊಂಡು ಆಮೇಲೆ ಬಿಸಿ ತಂತಿಯಲ್ಲಿ ಹಾಳೆ ಹಾಳೆಯಾಗಿ ಕೊಯ್ಯುತ್ತಾರೆ. ದಪ್ಪ ಬೇಕು ಅಂದರೆ ನಾಲ್ಕು ಸಲ ಕಡಿಮೆ ಕೊಯ್ದರೆ ಆಯಿತು, ಅಷ್ಟೇ. ಆದರೆ ಕಾರ್ಖಾನೆಗೆ ಫೋನ್ ಮಾಡಿದರೆ ಒಂದು ಲೋಡ್ ತಗೋತೀರಾ ಅನ್ನುತ್ತಾರೆ.

ಸರಿ ಅಂತ ಎರಡಿಂಚಿನ ಆರು ಹಾಳೆ ತಂದು ಅಂಟಿಸಲು ಕೂತೆ. ಚಪ್ಪಲಿಗೆ ಹಾಕುವ ಸೊಲ್ಯೂಷನ್ ಮನೆಯಲ್ಲಿತ್ತು, ಅದನ್ನೇ ಬಳಿದೆ. ಬಳಿದಲ್ಲೆಲ್ಲ ಥರ್ಮಾಕೋಲ್ ಕರಗಿ ಗುಂಡಿ ಬಿತ್ತು, ಇಲಿ ತಿಂದ ರೊಟ್ಟಿ ಹಾಗೆ. (ಸ್ಪ್ರೇ ಪೇಂಟ್ ನೇರವಾಗಿ ಹೊಡೆದರೂ ಇದೇ ಕಥೆ.) ಎರಡನೇ ಸಲ ಬಿಳಿ ಫೆವಿಕಾಲ್ ಹಾಕಿದೆ. ಅದು ಕರಗಿಸುವುದಿಲ್ಲ ನಿಜ, ಆದರೆ ಎರಡು ಹಾಳೆಗಳ ನಡುವೆ ಗಾಳಿಯೇ ಆಡದಿದ್ದರೆ ಒಣಗುವುದು ಹೇಗೆ? ಒಂದು ವಾರ ಆದಮೇಲೂ ನಡುವೆ ಹಸಿ ಇತ್ತು. ಒಣಗಿದ ಕಡೆ ಬಿಸಿ ತಂತಿ ಅಂಟಿನ ಗೆರೆಗೆ ಬಂದು ನಿಂತುಬಿಡುತ್ತಿತ್ತು, ಚಾಕು ಹಾಕಿದರೆ ಕಾಳು ಕಾಳಾಗಿ ಉದುರಿ ಮನೆಯೆಲ್ಲ ಹಾರಾಟ. ನಂದಿಯ ಮೂತಿ ಎಮ್ಮೆಯ ಮೂತಿಯಾಯಿತು.

ಕಾಳು ಉದುರಿದ್ದಕ್ಕೆ ಕಾರಣ ಆಮೇಲೆ ಗೊತ್ತಾಯಿತು. ಅಂಗಡಿಯಲ್ಲಿ ಸಿಗುವ ಹಾಳೆ ಬಹಳ ಹಗುರದ್ದು. ಶಾಖ ತಡೆಯಲು ಬಳಸುವ ಥರ್ಮಾಕೋಲಿಗೆ ಐಎಸ್ 4671 ಅಂತ ಒಂದು ಭಾರತೀಯ ಮಾನಕ ಇದೆ, ಅದರಲ್ಲಿ ಸಾಂದ್ರತೆ ಘನ ಮೀಟರಿಗೆ 15 ಕೆಜಿಯಿಂದ ಶುರುವಾಗಿ 35ರವರೆಗೆ ಹೋಗುತ್ತದೆ. ಕೆತ್ತುವುದಕ್ಕೆ ನನ್ನ ಅನುಭವದಲ್ಲಿ 20 ಇದ್ದರೆ ಚೆನ್ನ. ಇದನ್ನು ನೋಡಿಕೊಳ್ಳಲು ದೊಡ್ಡ ವಿದ್ಯೆ ಬೇಕಿಲ್ಲ, ತಕ್ಕಡಿ ಸಾಕು. ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲ, ಎರಡಿಂಚು ದಪ್ಪದ ಹಾಳೆ ಸುಮಾರು ಅರ್ಧ ಕೆಜಿ ತೂಗಿದರೆ ಅದು 20ರದು. ಕಾಲು ಕೆಜಿ ಬಂದರೆ ಸುಮ್ನೆ ವಾಪಸ್ ಕೊಡಿ.

ನಟರು ತಲೆಗೆ ಹಾಕಿಕೊಳ್ಳುವ ಮುಖ, ಸೊಂಡಿಲು ಇಂಥ ಮೆತ್ತನೆಯ ಕೆಲಸಕ್ಕೆ ಕುಶನ್ ಅಂಗಡಿಯೇ ವಾಸಿ. ಹಾಸಿಗೆ, ಸೋಫಾ ಫೋಮ್ ನಾಲ್ಕಿಂಚು, ಆರಿಂಚು ದಪ್ಪದ್ದೂ ಸಿಗುತ್ತದೆ, ಬೇಕಾದಷ್ಟೇ ಕತ್ತರಿಸಿ ಕೊಡುತ್ತಾರೆ, ಸೊಲ್ಯೂಷನ್ನೂ ಹಿಡಿಯುತ್ತದೆ. ಕತ್ತರಿ, ಚೂಪಾದ ಚಾಕುವಿನಲ್ಲೇ ಕೆತ್ತಿ. ಇದಕ್ಕೆ ಬಿಸಿ ತಂತಿ ಮಾತ್ರ ಬೇಡವೇ ಬೇಡ, ಹೊಗೆ ವಿಷ. ಥರ್ಮಾಕೋಲ್ ಹೊಗೆಯೂ ಒಳ್ಳೆಯದಲ್ಲ, ಕಿಟಕಿ ತೆಗೆದಿಟ್ಟೇ ಕೂರಬೇಕು.

ಇನ್ನು ಕಾನೂನಿನ ವಿಷಯ. 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧವಾದ ವಸ್ತುಗಳ ಪಟ್ಟಿಯಲ್ಲಿ ‘ಅಲಂಕಾರದ ಥರ್ಮಾಕೋಲ್’ ಇದೆ. ಕೆರೆಗೆ ಬಿದ್ದ ಥರ್ಮಾಕೋಲ್ ಕಾಳಾಗಿ ಒಡೆದು ತೇಲುವುದನ್ನು ನೋಡಿದವರು ಈ ನಿಷೇಧ ಬೇಡ ಅನ್ನಲಾರರು. ಆದರೆ ಶಾಖ ತಡೆಯಲು ತಾರಸಿಗೆ ಹಾಕುವುದು, ಫ್ರಿಜ್ ಡಬ್ಬದೊಳಗೆ ಬರುವುದು ಆ ಪಟ್ಟಿಯಲ್ಲಿಲ್ಲ. ಹಾಗಾದರೆ ಮೂರು ವರ್ಷ ಹತ್ತು ಊರು ಸುತ್ತುವ ನಂದಿ ಅಲಂಕಾರವೋ, ಪರಿಕರವೋ? ಒಂದೊಂದು ಕಡೆ ಒಂದೊಂದು ಉತ್ತರ. ಅಂಗಡಿಯವರು ದಂಡಕ್ಕೆ ಹೆದರಿ ಒಳಗಿಟ್ಟುಕೊಂಡು ಮಾರುತ್ತಾರೆ, ಒಳಗಿಟ್ಟ ಮಾಲಿಗೆ ರೇಟು ಜಾಸ್ತಿ.

ಹಳೆಯ ದಾರಿ ಹಿಡಿಯಿರಿ ಅನ್ನುವವರಿದ್ದಾರೆ. ನನಗೂ ಅದರ ಮೇಲೆ ಪ್ರೀತಿಯಿದೆ. ಬಾಸಿಂಗವನ್ನು ಬೆಂಡಿನಲ್ಲೇ, ಅಂದರೆ ನೀರಲ್ಲಿ ಬೆಳೆಯುವ ಗಿಡದ ಹಗುರ ಕಾಂಡದಲ್ಲೇ ಮಾಡುತ್ತಿದ್ದರು, ಯಕ್ಷಗಾನದ ಕಿರೀಟಕ್ಕೆ ಹಗುರ ಮರ ಕೆತ್ತಿ ಬೇಗಡೆ (ಹೊಳೆಯುವ ತೆಳು ಹಾಳೆ) ಅಂಟಿಸುತ್ತಿದ್ದರು. ಆದರೆ ಬೆಂಡು ಕೈಬೆರಳಿಗಿಂತ ಸ್ವಲ್ಪ ದಪ್ಪ, ಅದರಲ್ಲಿ ಎತ್ತು ಆಗಲ್ಲ ಅಲ್ವಾ? ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಮರದ ಗೊಂಬೆ ಮಾಡುವವರ ಹುಣಸೆ ಬೀಜದ ಅಂಟನ್ನು ಮಾತ್ರ ನಾನು ಕದ್ದುಕೊಂಡಿದ್ದೇನೆ. ನೀರಿನ ಅಂಟಾದ್ದರಿಂದ ಥರ್ಮಾಕೋಲ್ ಕರಗುವುದಿಲ್ಲ, ಅದರಲ್ಲಿ ಹಳೆಯ ಪತ್ರಿಕೆ ಅದ್ದಿ ಎರಡು ಪದರ ಸುತ್ತಿದರೆ ಮಕ್ಕಳು ಒದ್ದರೂ ಒಡೆಯುವುದಿಲ್ಲ. ನಿಮ್ಮ ಪತ್ರಿಕೆಯೂ ನಂದಿಯ ಹೊಟ್ಟೆ ಮೇಲಿದೆ, ತಪ್ಪು ತಿಳಿಯಬೇಡಿ.

ಕೊನೆಗೆ ನನ್ನ ನಂದಿ ಆಗಿದ್ದು ಹೊಸ ಮಾಲಿನಿಂದ ಅಲ್ಲ. ಕೋಲ್ಡ್ ಸ್ಟೋರೇಜ್ ಗೋಡೆ ಕೆಲಸ ಮಾಡಿದವರೊಬ್ಬರು ಉಳಿದ ಥರ್ಮಾಕೋಲ್ ತುಂಡುಗಳನ್ನು ಬಿಸಾಡಲು ಗಾಡಿಗೆ ಹಾಕುತ್ತಿದ್ದರು, ಕೇಳಿದೆ, ಕೊಟ್ಟರು. ಗಟ್ಟಿ ಮಾಲು, ಬೆಣ್ಣೆ ಹಾಗೆ ಕೊಯ್ಯಿತು. ಇಂಥ ತುಂಡುಗಳು ದಿನಾ ಕಸಕ್ಕೆ ಹೋಗುತ್ತವೆ. ನಗರಪಾಲಿಕೆಯವರು ಒಣಕಸ ಕೇಂದ್ರದಲ್ಲಿ ದಪ್ಪನೆಯ, ಶುದ್ಧವಾದ ತುಂಡುಗಳನ್ನು ಒಂದು ಮೂಲೆಗೆ ಎತ್ತಿಟ್ಟು ಶಾಲೆಗಳಿಗೆ, ನಾಟಕ ತಂಡಗಳಿಗೆ ಬಿಡಲಿ, ನಾಟಕ ಮುಗಿದ ಮೇಲೆ ಅಲ್ಲಿಗೇ ವಾಪಸ್ ತರುತ್ತೇವೆ ಅಂತ ಬರೆದುಕೊಡಲು ನಾನು ತಯಾರು. ತಾರಸಿ ಕೆಲಸದವರು, ಫ್ರಿಜ್ ಅಂಗಡಿಯವರು ಈ ಪತ್ರ ಓದಿದ್ದರೆ ಮುರಿಯದೆ ಇಟ್ಟಿರಿ. ಮುಂದಿನ ನಾಟಕಕ್ಕೆ ಒಂದು ಐರಾವತ ಬೇಕಾಗಿದೆ.

ಇಂತಿ,
ರಂಗಪರಿಕರ ಮಾಡುವ ಒಬ್ಬ ಓದುಗ
ದಾವಣಗೆರೆ