ಕಾರಿಗೆ ಸಬ್‌ವೂಫರ್ (ಬೇಸ್ ಎಂಬ ತಗ್ಗು ಸ್ವರಕ್ಕೆಂದೇ ಇರುವ ಸ್ಪೀಕರ್) ಕೊಳ್ಳುವ ಮುನ್ನ: ಗುಂಪಿನ ಎಲ್ಲರ ಗಮನಕ್ಕೆ

ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಹಾಕಿರುವ ‘ಮ್ಯಾಕ್ಸ್ ಪವರ್’ ನೋಡಿ ಮರುಳಾಗಬೇಡಿ. ಲೆಕ್ಕಕ್ಕೆ ಬರುವುದು ಆರ್‌ಎಂಎಸ್ ವ್ಯಾಟ್ (ಸಬ್ ಎಡೆಬಿಡದೆ ತಾಳುವ ಶಕ್ತಿ) ಮಾತ್ರ. ಆಂಪ್ಲಿಫೈಯರ್ ಅದಕ್ಕೂ, ಸಬ್‌ನ ಓಮ್‌ಗೂ (ವಿದ್ಯುತ್ತಿಗೆ ಒಡ್ಡುವ ತಡೆ) ಹೊಂದಬೇಕು. 4 ಓಮ್‌ನ ಎರಡು ಕಾಯಿಲ್ (ಸಬ್ ಒಳಗಿನ ತಂತಿಸುರುಳಿ) ಇದ್ದರೆ ಪ್ಯಾರಲಲ್‌ನಲ್ಲಿ 2 ಓಮ್, ಸೀರೀಸ್‌ನಲ್ಲಿ 8 ಓಮ್.

ಬೇಸ್ ಕೆಡುವುದು ಹೆಚ್ಚಾಗಿ ಬಾಕ್ಸ್‌ನಿಂದಲೇ. 12 ಇಂಚಿನ ಸಬ್‌ಗೆ ಸೀಲ್ಡ್ (ಪೂರ್ತಿ ಮುಚ್ಚಿದ) ಬಾಕ್ಸ್ ಸುಮಾರು 1 ಘನ ಅಡಿ ಸಾಕು, ಬೇಸ್ ಬಿಗಿಯಾಗಿರುತ್ತದೆ. ಪೋರ್ಟೆಡ್‌ಗೆ (ಪೋರ್ಟ್ ಎಂಬ ಗಾಳಿಕಿಂಡಿ ಇರುವ ಬಾಕ್ಸ್) ಸಾಮಾನ್ಯವಾಗಿ 1.75ರಿಂದ 2 ಘನ ಅಡಿ, ಟ್ಯೂನಿಂಗ್ (ಪೋರ್ಟ್ ಅನುರಣಿಸುವ ಕಂಪನಾಂಕ) 32–35 ಹರ್ಟ್ಜ್. ಸದ್ದು ಜೋರು, ಆದರೆ ಡಿಕ್ಕಿ ತುಂಬಿಹೋಗುತ್ತದೆ. ಕಂಪನಿ ಕೊಟ್ಟ ಅಳತೆಯನ್ನೇ ನಂಬಿ. ಅದು ನಿವ್ವಳ ಅಳತೆಯಾದರೆ ಮ್ಯಾಗ್ನೆಟ್, ಪೋರ್ಟ್, ಒಳಗಿನ ಆಸರೆಪಟ್ಟಿ ಹಿಡಿಯುವ ಜಾಗವನ್ನು ಬೇರೆ ಸೇರಿಸಬೇಕು. ಬಹಳ ಮಂದಿ ಎಡವುವುದು ಇಲ್ಲೇ.

ಟ್ಯೂನಿಂಗ್‌ಗಿಂತ ಕೆಳಗಿನ ಸ್ವರಕ್ಕೆ ಪೋರ್ಟೆಡ್ ಬಾಕ್ಸ್‌ನ ಗಾಳಿ ಕೋನ್ (ಸ್ಪೀಕರಿನ ಅದುರುವ ಪೊರೆ) ಅನ್ನು ತಡೆದು ಹಿಡಿಯುವುದಿಲ್ಲ. ಕೋನ್ ಮಿತಿಮೀರಿ ಆಡಿ ಕಾಯಿಲ್ ಪೆಟ್ಟು ತಿನ್ನುತ್ತದೆ. ಹಾಗಾಗಿ ಸಬ್‌ಸಾನಿಕ್ ಫಿಲ್ಟರನ್ನು (ತೀರಾ ತಗ್ಗಿನ ಸ್ವರ ತಡೆಯುವ ಸೆಟ್ಟಿಂಗ್) 28 ಹರ್ಟ್ಜ್ ಆಸುಪಾಸಿನಲ್ಲಿ ಇಡಲೇಬೇಕು.

ಬಾಕ್ಸ್‌ನ ಹಲಗೆ 18 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ), ಒಳಸಂದುಗಳಿಗೆಲ್ಲ ಸೀಲೆಂಟ್ ಹಚ್ಚಿ.

500 ವ್ಯಾಟ್ ಕ್ಲಾಸ್-ಡಿ (ವಿದ್ಯುತ್ ಕಡಿಮೆ ಪೋಲು ಮಾಡುವ ಬಗೆಯ) ಆಂಪ್ ಪೂರ್ತಿ ಓಡಿದರೆ ಸುಮಾರು 45 ಆಂಪಿಯರ್ ಎಳೆಯುತ್ತದೆ. 4 ಗೇಜ್ ಶುದ್ಧ ತಾಮ್ರದ ತಂತಿ ಹಾಕಿಸಿ, ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಬೇಡ. ಫ್ಯೂಸ್ ಬ್ಯಾಟರಿಯಿಂದ 45 ಸೆಂ.ಮೀ. ಒಳಗೇ ಇರಲಿ, ತಂತಿ ಕಾರಿನ ಲೋಹದ ಮೈಗೆ ತಾಗಿದರೆ ಬೆಂಕಿ ಹತ್ತದಂತೆ ಕಾಯುವುದು ಅದೇ.